ಉಪವಾಸದ ಹೊಲ

ನಮ್ಮ ವಿಶ್ವವಿದ್ಯಾಲಯ ಬಡವರ ಗೋರಿಗಳ ಮೇಲೆ ತಲೆಮಾರುಗಟ್ಟಲೆ ಮೆಕ್ಕೆಜೋಳ ಬೆಳೆಯಿತು. ಈ ನವೆಂಬರಿನಲ್ಲಿ ಆ ಗೋರಿಗಳನ್ನು ಬಗೆದು, ಎಲುಬುಗಳನ್ನು ಮಣ್ಣಿನ ಜೊತೆ ಲಾರಿಗೆ ತುಂಬಿ, ತನ್ನದೇ ಹಂದಿ ಕೊಟ್ಟಿಗೆಯ ಹಿಂದಿನ ಗುಂಡಿಗೆ ಸುರಿಯಿತು. ಸುರಿದವನು ನನ್ನ ಚಿಕ್ಕಪ್ಪನ ಮಗ ವರ್ಲಿನ್. ಸುರಿಸಿದವರು ಬೇರೆ. ಅವನಿಗೆ ಆಮೇಲೆ ಏನಾಯಿತು ಅಂತ ಹೇಳುತ್ತೇನೆ. ದೆವ್ವದ ಕತೆ ಅನ್ನುವವರು ಅನ್ನಲಿ. ಕಡೆಯ ರಾತ್ರಿ ಆ ಮನೆಯಲ್ಲಿ ನಾನೂ ಇದ್ದೆ.

ನಾನು ಲೊರೀನ್. ಅದೇ ವಿಶ್ವವಿದ್ಯಾಲಯದ ಹಾಸ್ಟೆಲ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತೇನೆ. ಓದಿದ್ದು ಅವರ ಗ್ರಂಥಾಲಯದಲ್ಲೇ, ಕೈ ಒರೆಸಿಕೊಂಡು ಹೋಗಿ ಕೂತು. ಯಾರೂ ಪಾಠ ಹೇಳಲಿಲ್ಲ. ಯಾರೂ ಎಬ್ಬಿಸಿ ಕಳಿಸಲೂ ಇಲ್ಲ. ಅಷ್ಟರ ಮಟ್ಟಿಗೆ ಅದು ಇನ್ನೂ ಜನರದು.

ಉಳಿದದ್ದು ಯಾರದೋ ಗೊತ್ತಿಲ್ಲ. ಅದಕ್ಕೆ ಅದರದೇ ಪೊಲೀಸರಿದ್ದಾರೆ, ಅದರದೇ ವಿದ್ಯುತ್ ಸ್ಥಾವರ ಇದೆ, ಅದರದೇ ಹಸುಗಳಿವೆ, ಆ ಹಸುಗಳ ಹಾಲಿನಲ್ಲಿ ಮಾಡಿದ ಐಸ್‌ಕ್ರೀಮ್ ಮಾರುವ ಅಂಗಡಿ ಇದೆ. ಶನಿವಾರ ಫುಟ್‌ಬಾಲ್ ಆಟವಿದ್ದರೆ ನಮ್ಮ ಊರಿನ ಬೀದಿಗಳಲ್ಲಿ ಕಾಲಿಡಲು ಜಾಗವಿಲ್ಲ. ಇಲ್ಲಿದ್ದ ಬುಡಕಟ್ಟಿನವರನ್ನು ಓಡಿಸಿ ಸರ್ಕಾರ ಕಿತ್ತುಕೊಂಡ ನೆಲ ಇದು. ಆ ನೆಲವನ್ನು ರಾಜ್ಯಗಳಿಗೆ ಹಂಚಿ, ಮಾರಿಕೊಳ್ಳಿ, ಬಂದದ್ದರಲ್ಲಿ ರೈತರ ಮಕ್ಕಳಿಗೆ, ಕೂಲಿಯವರ ಮಕ್ಕಳಿಗೆ ಕಾಲೇಜು ಕಟ್ಟಿ ಅಂದರು. ಹಾಗೆ ಕಟ್ಟಿದ ಕಾಲೇಜೇ ಇವತ್ತಿನ ವಿಶ್ವವಿದ್ಯಾಲಯ. ಮುಂಬಾಗಿಲ ಕಲ್ಲಿನ ಮೇಲೆ 'ಜನರ ಕಾಲೇಜು' ಅಂತ ಕೆತ್ತಿದ್ದಾರೆ. ಯಾವ ಜನ ಅಂತ ಕೆತ್ತಿಲ್ಲ.

ಕಾಲೇಜಿನ ಬೇಲಿಯ ಪಕ್ಕದಲ್ಲಿ ಒಂದು ಕಾಲಕ್ಕೆ ಕೌಂಟಿಯವರ, ಅಂದರೆ ಜಿಲ್ಲೆಯ ಆಡಳಿತದವರ, ಬಡವರ ತೋಟವಿತ್ತು. ದುಡಿಯಲಾಗದ ಮುದುಕರು, ಗಂಡನಿಲ್ಲದೆ ಬಸಿರಾದ ಹುಡುಗಿಯರು, ಕುರುಡರು, ತಲೆ ಕೆಟ್ಟವರು, ಎಲ್ಲರನ್ನೂ ತಂದು ಅಲ್ಲಿ ಬಿಡುತ್ತಿದ್ದರು. ಹೊಲದಲ್ಲಿ ಗೇದರೆ ಊಟ. ಸತ್ತರೆ ಅದೇ ಹೊಲದ ಅಂಚಿನಲ್ಲಿ ಹೂಳಿ ಒಂದು ಮರದ ಗೂಟ ನೆಡುತ್ತಿದ್ದರು. ನಮ್ಮ ಮನೆತನದಿಂದಲೂ ಒಬ್ಬಳು ಹೋಗಿದ್ದಳಂತೆ. ಅವಳ ಹೆಸರು ಈಗ ಯಾರಿಗೂ ನೆನಪಿಲ್ಲ.

ತೋಟ ಮುಚ್ಚಿದಾಗ ಕಾಲೇಜು ಆ ನೆಲ ತೆಗೆದುಕೊಂಡಿತು. ಗೂಟ ಕಿತ್ತಿತು. ಅಂಚಿನ ನೆಲವನ್ನೇ ಆರಿಸಿ ಪ್ರಯೋಗದ ಹೊಲ ಮಾಡಿತು. ಪಕ್ಕಪಕ್ಕದಲ್ಲಿ ಹಲವು ತುಂಡು. ಒಂದಕ್ಕೆ ಸಗಣಿ ಗೊಬ್ಬರ, ಒಂದಕ್ಕೆ ಸುಣ್ಣ, ಒಂದಕ್ಕೆ ಚೀಲದ ಗೊಬ್ಬರ. ಒಂದಕ್ಕೆ ಮಾತ್ರ ಏನೂ ಹಾಕುವಂತಿಲ್ಲ. ಹೋಲಿಕೆಗೆ ಅಂತ ಬಿಟ್ಟ ತುಂಡು ಅದು. ಬಿತ್ತುವುದು, ಕೊಯ್ಯುವುದು, ಅಷ್ಟೇ. ಕೆಲಸದವರು ಅದಕ್ಕೆ ಉಪವಾಸದ ಹೊಲ ಅಂತ ಹೆಸರಿಟ್ಟರು. ಉಪವಾಸದ ಹೊಲ ಸೊರಗಬೇಕು. ಇದು ಸೊರಗಲೇ ಇಲ್ಲ. ಪಕ್ಕದ ತುಂಡುಗಳಲ್ಲಿ ಜೋಳ ಎದೆಯ ಮಟ್ಟಕ್ಕೆ ಇದ್ದರೆ ಇಲ್ಲಿ ತಲೆ ಮುಳುಗುತ್ತಿತ್ತು. ಹೊರಗಿನಿಂದ ಬಂದ ಅತಿಥಿಗಳಿಗೆ ತೋರಿಸಿ, ನಮ್ಮ ಮಣ್ಣು ನೋಡಿ, ಅಂತ ಎದೆಯುಬ್ಬಿಸುತ್ತಿದ್ದರು. ಆ ತುಂಡಿನ ಕೆಳಗೆ ಏನಿದೆ ಅಂತ ಅವರಿಗೆ ಗೊತ್ತಿತ್ತು. ಗೂಟ ಕಿತ್ತವರಿಗೆ ಗೊತ್ತಿರುವುದಿಲ್ಲವೇ.

ಈ ವರ್ಷ ಯಾರೋ ದೊಡ್ಡ ದಾನಿ ಸಿಕ್ಕಿದ. ಫುಟ್‌ಬಾಲ್ ಹುಡುಗರು ಚಳಿಗಾಲದಲ್ಲಿ ಒಳಗೇ ಆಡಿ ಅಭ್ಯಾಸ ಮಾಡಲು ಒಂದು ಭವನ ಆಗಬೇಕಂತೆ. ಜಾಗ, ಆ ಹೊಲ. ಪಾಯ ಅಗೆಯಲು ವರ್ಲಿನ್‌ನನ್ನು ಕಳಿಸಿದರು.

ವರ್ಲಿನ್ ಭಾರಿ ಆಳು, ಮೆತ್ತನೆ ಮನಸ್ಸು. ವಿಶ್ವವಿದ್ಯಾಲಯದ ಕಾಮಗಾರಿ ಇಲಾಖೆಯಲ್ಲಿ ಜೆಸಿಬಿ ಓಡಿಸುತ್ತಿದ್ದ. ನನ್ನನ್ನು ಕಂಡರೆ, "ಬಂದ್ಲು ನೋಡು ನಮ್ಮ ಮುಷ್ಕರದ ಮಹಾರಾಣಿ, ಇವತ್ತು ಯಾರಿಗೆ ಧಿಕ್ಕಾರ?" ಅಂತ ಕೆಣಕುತ್ತಿದ್ದ. ತಾನು ಮಾತ್ರ ಎಂದೂ ನಮ್ಮ ಕಾರ್ಮಿಕ ಸಂಘದ ಯಾವ ಸಭೆಗೂ ಬಂದವನಲ್ಲ. ಅದಕ್ಕೆ ಕಾರಣ ಅವನ ಹೆಂಡತಿ ಆರ್ಡಿಸ್. ಅವಳ ಎರಡೂ ಮೂತ್ರಪಿಂಡ ಕೆಟ್ಟಿವೆ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಅದರ ಖರ್ಚೆಲ್ಲ ಅವನ ಕೆಲಸದ ವಿಮೆಯಿಂದ. ಕೆಲಸ ಹೋದರೆ ವಿಮೆ ಇಲ್ಲ. ವಿಮೆ ಇಲ್ಲದಿದ್ದರೆ ಆರ್ಡಿಸ್ ಎಷ್ಟು ದಿನ ಇರುತ್ತಾಳೆ ಅಂತ ನಮ್ಮ ಕಡೆ ಯಾರನ್ನಾದರೂ ಕೇಳಿ, ಹೇಳುತ್ತಾರೆ.

ಅಗೆದ ಮೊದಲ ದಿನವೇ ಬಕೆಟ್ಟಿನಲ್ಲಿ ಎಲುಬು ಬಂದವು. ಯಂತ್ರ ನಿಲ್ಲಿಸಿ ಇಳಿದು ನೋಡಿದ. ಒಂದು ದವಡೆ. ಒಂದು ಬಾಚಣಿಗೆ. ಬಾಚಣಿಗೆಯ ಹಲ್ಲುಗಳಲ್ಲಿ ಇನ್ನೂ ಕೂದಲಿತ್ತು... ಮೇಲುಸ್ತುವಾರಿಯ ಸ್ಟಾಮ್‌ನನ್ನು ಕರೆದ. ಸ್ಟಾಮ್ ಗುಂಡಿಯ ಅಂಚಿನಲ್ಲಿ ನಿಂತೇ, ಹಂದಿ ಎಲುಬು, ತೆಗೆದು ಹಾಕು ಅಂದ.

"ಹಂದಿ ತಲೆ ಬಾಚ್ಕೊಳ್ತಿತ್ತಾ ಸ್ಟಾಮ್?" ಅಂತ ಕೇಳಿದನಂತೆ ವರ್ಲಿನ್.

ಸ್ಟಾಮ್ ಸಿಟ್ಟು ಮಾಡಲಿಲ್ಲ. ಇವನ ಹೆಗಲ ಮೇಲೆ ಕೈಯಿಟ್ಟ. "ಆರ್ಡಿಸ್ ಹೇಗಿದಾಳೆ? ವಿಮೆಯೆಲ್ಲ ಸರಿಯಾಗಿ ಸಿಗ್ತಿದೆ ತಾನೆ?" ಅಂದ.

ವರ್ಲಿನ್ ಮತ್ತೆ ಯಂತ್ರ ಹತ್ತಿದ. ಲಾರಿಗೆ ತುಂಬಿದ. ತಾನೇ ಓಡಿಸಿಕೊಂಡು ಹೋಗಿ ಹಂದಿ ಕೊಟ್ಟಿಗೆಯ ಹಿಂದೆ ಸುರಿದ. ಮೇಲೆ ಮಣ್ಣು ಎಳೆದ. ವಾರವಿಡೀ ಅದೇ ಕೆಲಸ.

ವಾರದ ಕೊನೆಗೆ, ಹಿಮ ಬಿದ್ದ ರಾತ್ರಿ, ಅವನ ಪಿಕಪ್ ಚಳಿಗೆ ಹಿಡಿದುಕೊಂಡು ಚಾಲೂ ಆಗಲಿಲ್ಲ. ಮನೆ ಹೊಲಗಳ ಆಚೆಗೇ ಇದೆ. ನಡೆದು ಹೊರಟ. ದಾರಿ ಬಡವರ ತೋಟದ ಹಳೆಯ ಬಾವಿಯ ಪಕ್ಕ ಹಾಯುತ್ತದೆ. ಬಾವಿಗೆ ಕಬ್ಬಿಣದ ಮುಚ್ಚಳ, ಮೇಲೊಂದು ಕೈಪಂಪು. ಪಂಪಿನ ಸರಪಳಿ ಗಾಳಿಗೆ ಕಿಣಿ... ಕಿಣಿ... ಅನ್ನುತ್ತಿತ್ತು. ಬಾವಿ ದಾಟಿದ.

ಸರಪಳಿ ನಿಂತಿತು. ಗಾಳಿ ನಿಂತಿರಲಿಲ್ಲ.

ಆಗ ಕೇಳಿಸಿತು. ಸರಕ್... ಲಟ್... ಠಪ್. ಢಣ್.

ಮತ್ತೆ. ಸರಕ್... ಲಟ್... ಠಪ್. ಢಣ್.

ಆ ಸದ್ದು ಯಾವುದು ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಬೇಕಿಲ್ಲ. ಯಂತ್ರ ಬರುವ ಮೊದಲು ಜೋಳವನ್ನು ಕೈಯಲ್ಲೇ ಕೀಳುತ್ತಿದ್ದರು. ಅಂಗೈಗೆ ಕಬ್ಬಿಣದ ಕೊಕ್ಕೆ ಕಟ್ಟಿಕೊಂಡು ತೆನೆಯ ಸಿಪ್ಪೆ ಸೀಳುವುದು, ಅದು ಸರಕ್. ತೆನೆ ಮುರಿಯುವುದು, ಅದು ಲಟ್. ಪಕ್ಕದಲ್ಲಿ ಕುದುರೆಗಾಡಿ ಇರುತ್ತದೆ, ಅದರ ಆಚೆ ಮಗ್ಗುಲಿಗೆ ಎತ್ತರದ ಹಲಗೆ. ನೋಡದೆ ಎಸೆದ ತೆನೆ ಆ ಹಲಗೆಗೆ ಬಡಿಯುತ್ತದೆ, ಠಪ್. ಖಾಲಿ ಗಾಡಿಯ ತಳಕ್ಕೆ ಬೀಳುತ್ತದೆ, ಢಣ್. ಸುಗ್ಗಿಯಲ್ಲಿ ಈಗಲೂ ಅದರ ಪಂದ್ಯ ನಡೆಯುತ್ತದೆ. ವರ್ಲಿನ್ ಪ್ರಾಯದಲ್ಲಿ ಗೆದ್ದವನು.

ಆದರೆ ಆ ಹೊಲದಲ್ಲಿ ಜೋಳವಿರಲಿಲ್ಲ. ಅರ್ಧ ಹೊಲ ಗುಂಡಿ. ಇನ್ನರ್ಧ ಬರೀ ಕೂಳೆ, ಹಿಮದಲ್ಲಿ ತುದಿ ಮಾತ್ರ ಕಾಣುವಷ್ಟು.

ಅವನು ನಡೆದ. ಸದ್ದೂ ಸಾಲಿನುದ್ದಕ್ಕೆ ಜೊತೆಯಲ್ಲೇ ಬಂತು. ಅವನು ನಿಂತ. ಅದೂ ನಿಂತಿತು. ಬಲಗಡೆ, ಕೈ ಚಾಚಿದರೆ ತಾಗುವಷ್ಟು ಹತ್ತಿರ, ಒಂದು ದೊಡ್ಡ ಪ್ರಾಣಿ ಮೂಗಿನಿಂದ ಗಾಳಿ ಬಿಟ್ಟಿತು. ಫುರ್ರ್... ಕಣ್ಣಿಗೆ ಏನೂ ಇಲ್ಲ. ಹಿಮ ಬೆಳ್ಳಗೆ ಬಿದ್ದಿತ್ತು.

ಇಲ್ಲಿ ಅವನು ತಪ್ಪು ಮಾಡಿದ. ನಮ್ಮವರೇ ಮಾಡುವ ತಪ್ಪು. ಜೋಳ ಕೀಳುವಾಗ ಕುದುರೆಗಳ ಲಗಾಮು ಯಾರೂ ಹಿಡಿದಿರುವುದಿಲ್ಲ. ಕೀಳುವವನು ನಾಲಿಗೆಯಿಂದ ಲೊಟ್ಟೆ ಹೊಡೆದರೆ ಅವು ಮುಂದೆ ಹೆಜ್ಜೆ ಹಾಕುತ್ತವೆ, ಹೋ ಅಂದರೆ ನಿಲ್ಲುತ್ತವೆ. ನಿಂತ ಕುದುರೆ ಹಾಗೆ ಮೂಗಿನಿಂದ ಗಾಳಿ ಬಿಟ್ಟರೆ, ಹೋಗೋಣವೇ ಅಂತ ಕೇಳಿದಂತೆ. ವರ್ಲಿನ್‌ಗೆ ಹೆದರಿಕೆಯಲ್ಲಿ ತಲೆ ಓಡಲಿಲ್ಲ. ನಾಲಿಗೆ ತಾನೇ ಓಡಿತು. ಲೊಟಕ್ ಅಂತ ಲೊಟ್ಟೆ ಹೊಡೆದುಬಿಟ್ಟ.

ಕಿರ್ರ್... ಅಂತ ಗಾಲಿ ತಿರುಗಿತು. ಕುದುರೆಗಳ ಮೈಪಟ್ಟಿಯ ಬಳೆಗಳು ಝಣ್ ಅಂದವು.

ಅವನು ಓಡಲಿಲ್ಲ. ಓಡಿದರೆ ಅದೂ ಓಡುತ್ತದೆ ಅನ್ನಿಸಿತಂತೆ. ತಿರುಗಿ ನೋಡದೆ ಮನೆಯ ತನಕ ನಡೆದ. ಗಾಲಿಯ ಸದ್ದು ಹಿಂದೆಯೇ ಬಂದು ಮನೆಯ ಪಡುವಣ ಗೋಡೆಯ ಹತ್ತಿರ ಸುಮ್ಮನಾಯಿತು.

ಆರ್ಡಿಸ್ ಎದ್ದು ಕೂತಿದ್ದಳು. ಅವಳು ಹೊಲದಲ್ಲೇ ಬೆಳೆದವಳು. ಎಲ್ಲ ಕೇಳಿ, ದೀಪ ಆರಿಸಿ, ಪಿಸುದನಿಯಲ್ಲಿ ಒಂದೇ ಮಾತು ಕೇಳಿದಳಂತೆ.

"ಹೋ ಅಂದ್ಯಾ?"

"ಇಲ್ಲ..."

"ಹಾಗಾದ್ರೆ ಅದು ನಿಂತಿಲ್ಲ."

ಅವಳ ಮಾತು ಮುಗಿದಿತ್ತೋ ಇಲ್ಲವೋ, ಗೋಡೆಗೆ ಹೊರಗಿನಿಂದ ಬಡಿಯಿತು. ಠಪ್. ಢಣ್.

ಅಲ್ಲಿಂದ ಪ್ರತಿ ರಾತ್ರಿ. ಕತ್ತಲಾದ ಮೇಲೆ ಶುರು, ಬೆಳಕು ಹರಿದ ಮೇಲೆ ಇಲ್ಲ. ಅವರ ಮನೆಯ ಮರದ ಗೋಡೆಯೇ ಗಾಡಿಯ ಹಲಗೆಯಾಗಿತ್ತು. ಬೆಳಗ್ಗೆ ಹೋಗಿ ನೋಡಿದರೆ ಹಿಮದ ಮೇಲೆ ಒಂದು ಕಾಳಿಲ್ಲ, ಗಾಲಿಯ ಗುರುತಿಲ್ಲ. ವರ್ಲಿನ್ ಕಿಟಕಿ ತೆರೆದು ಹೋ... ಹೋ... ಅಂತ ಕೂಗಿ ನೋಡಿದ. ಅದು ಕೇಳಲಿಲ್ಲ. ಹಗಲು ಕೆಲಸಕ್ಕೆ ಹೋದ. ಸ್ಟಾಮ್ ಹೇಳಿದ ಕಡೆ ಅಗೆದ. ಹೇಳಿಬಿಡೋಣ ಅಂತ ಎರಡು ಸಲ ಕೌಂಟಿ ಕಚೇರಿಯ ಬಾಗಿಲ ತನಕ ಹೋಗಿ, ಆರ್ಡಿಸ್‌ಳ ಮುಖ ನೆನೆದು ಹಿಂತಿರುಗಿದ.

ಆಮೇಲೆ ನನಗೆ ಫೋನ್ ಬಂತು. ಆರ್ಡಿಸ್ ಮಾಡಿದ್ದು. ಡಯಾಲಿಸಿಸ್ ಆದ ದಿನ ಅವಳು ಹಿಂಡಿದ ಬಟ್ಟೆಯ ಹಾಗಿರುತ್ತಾಳೆ, ಗಂಡ ನಿದ್ದೆಗೆಟ್ಟು ಅರೆಹುಚ್ಚನ ಹಾಗಿದ್ದಾನೆ, ರಾತ್ರಿ ಬಂದಿರು ಅಂದಳು. ಕಾರಣ ಹೇಳಲಿಲ್ಲ. ಹೇಳಿದ್ದರೆ ನಾನು ನಗುತ್ತಿದ್ದೆ. ನಾನು ದೇವರನ್ನೇ ನಂಬದವಳು.

ಹೋದಾಗ ವರ್ಲಿನ್ ಅಡುಗೆಮನೆಯಲ್ಲಿ ಕೂತಿದ್ದ. ಕೆಣಕಲಿಲ್ಲ. ಅದಕ್ಕೇ ನನಗೆ ಮೊದಲು ಹೆದರಿಕೆಯಾದದ್ದು. ಆರ್ಡಿಸ್ ಬೀನ್ಸ್ ಸೂಪು ಬಿಸಿ ಮಾಡಿ ಇಟ್ಟಿದ್ದಳು, ಯಾರೂ ಮುಟ್ಟಲಿಲ್ಲ. ಆಗ ಎಲ್ಲ ಹೇಳಿದ, ಬಾಚಣಿಗೆಯಿಂದ ಹಿಡಿದು. ನಾನು ಸ್ಟಾಮ್‌ನ ಮೇಲೆ ಹಾರಾಡಿದೆ, ಪತ್ರಿಕೆಗೆ ಹೇಳೋಣ, ಕೌಂಟಿಗೆ ದೂರು ಕೊಡೋಣ ಅಂದೆ. ವರ್ಲಿನ್ ನನ್ನನ್ನು ನೋಡಿ, "ನಿನಗೇನಮ್ಮ ಲೋರಿ, ನಿನ್ನ ಮನೇಲಿ ಒಂದು ಬೆಕ್ಕಿದೆ ಅಷ್ಟೆ," ಅಂದ.

ಕತ್ತಲಾಯಿತು.

ಠಪ್.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಗೋಡೆಯ ಮೇಲಿನ ತಟ್ಟೆ ನಡುಗಿತು. ಯಾರೋ ಪುಂಡರು ಅಂದುಕೊಂಡು ಟಾರ್ಚ್ ಹಿಡಿದು ಕಿಟಕಿಗೆ ಹೋದೆ. ಹೊರಗೆ ಹಿಮ, ಮೇಲೆ ಚಂದ್ರ. ಒಂದು ಮೊಲ ಕೂಡ ಇಲ್ಲ. ನಾನು ನೋಡುತ್ತಿರುವಾಗಲೇ, ನನ್ನ ಮುಖದ ಪಕ್ಕದ ಹಲಗೆಗೆ ಬಡಿಯಿತು. ಠಪ್.

"ಕೇಳಿಸ್ಕೋ," ಅಂದಳು ಆರ್ಡಿಸ್, ತುಂಬಾ ಮೆಲ್ಲಗೆ. "ಢಣ್ ಅನ್ನೋದು ಇಲ್ಲ ಈಗ."

ಇರಲಿಲ್ಲ. ಖಾಲಿ ಗಾಡಿಯಾದರೆ ತಳ ಮೊಳಗುತ್ತದೆ. ತೆನೆಯ ಮೇಲೆ ತೆನೆ ಬಿದ್ದರೆ ಸದ್ದಿಲ್ಲ.

"ತುಂಬ್ತಾ ಬಂತು," ಅಂದಳು.

"ತುಂಬಿದ್ರೆ?" ಅಂದೆ ನಾನು.

"ಗಾಡಿ ತುಂಬಿದ್ಮೇಲೆ ಏನ್ಮಾಡ್ತಾರೆ ಲೋರಿ... ಮನೆಗೆ ಹೋಗ್ತಾರೆ." "ಅವರ ಮನೆ ಎಲ್ಲಿದೆ ಈಗ?"

ವರ್ಲಿನ್ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

ಬಡಿತ ನಿಂತಿತು.

ನಿಂತದ್ದು ಬಡಿತಕ್ಕಿಂತ ಕೆಟ್ಟದಾಗಿತ್ತು. ಅಡುಗೆಮನೆಯ ನಲ್ಲಿ ತೊಟಕ್... ತೊಟಕ್... ಅನ್ನುವುದು ಕೇಳುತ್ತಿತ್ತು. ಆಮೇಲೆ ಹೊರಗೆ, ಗೋಡೆಯ ಆಚೆ, ಯಾರೋ ನಾಲಿಗೆಯಿಂದ ಲೊಟ್ಟೆ ಹೊಡೆದರು. ಲೊಟಕ್.

ಕಿರ್ರ್... ತುಂಬಿದ ಗಾಡಿಯ ಗಾಲಿ. ಹಿಮ ಅದರಡಿ ಕರಕರ ಅಂತ ಮುರಿಯುತ್ತಿತ್ತು. ಪಡುವಣ ಗೋಡೆ ದಾಟಿತು. ಮೂಲೆ ತಿರುಗಿತು. ಮುಂಬಾಗಿಲ ಎದುರಿಗೆ ಬಂದು ನಿಂತಿತು. ಫುರ್ರ್...

ಜಗಲಿಯ ಹಲಗೆ ಕಿರುಗುಟ್ಟಿತು. ಒಬ್ಬರ ಭಾರ. ಮತ್ತೊಬ್ಬರದು. ಮತ್ತೆ... ಕಾಲೆಳೆಯುವ ಸದ್ದು. ಒಂದು ಹೆಜ್ಜೆ ಮುಂದೆ, ನಿಲ್ಲುವುದು, ಒಂದು ಹೆಜ್ಜೆ ಮುಂದೆ, ನಿಲ್ಲುವುದು. ಆ ಸದ್ದನ್ನು ನಾನು ದಿನಾ ಕೇಳುವವಳು. ತಟ್ಟೆ ಹಿಡಿದು ಊಟಕ್ಕೆ ಸಾಲು ನಿಂತವರ ಸದ್ದು ಅದು. ಮೆಟ್ಟಿಲಿಳಿದು, ಅಂಗಳ ದಾಟಿ, ರಸ್ತೆಯ ತನಕ ಸಾಲಿತ್ತು ಅಂತ ನನ್ನ ಕಿವಿಗೆ ಗೊತ್ತಾಯಿತು. ಬಾಗಿಲು ಬಡಿಯಲಿಲ್ಲ. ಅವರು ಯಾವತ್ತೂ ಬಡಿದವರಲ್ಲವೇನೋ. ತೆರೆಯುವ ತನಕ ಕಾಯುವವರು.

ಬಾಗಿಲ ಹಿಡಿ ಒಂದಿಷ್ಟೇ ತಿರುಗಿತು. ಹಿಂದೆ ಬಂತು. ಮತ್ತೆ ತಿರುಗಿತು.

ಎದ್ದವಳು ಆರ್ಡಿಸ್. ಗೋಡೆ ಹಿಡಿದುಕೊಂಡು, ಡಯಾಲಿಸಿಸ್‌ಗೆ ಚುಚ್ಚಿದ ತೋಳಿನ ಬ್ಯಾಂಡೇಜಿನ ಮೇಲೆ ಇನ್ನೊಂದು ಕೈ ಒತ್ತಿಕೊಂಡು ಬಾಗಿಲ ತನಕ ಹೋದಳು. ಹಣೆಯನ್ನು ಬಾಗಿಲಿಗೆ ಒರಗಿಸಿದಳು.

"ನಿಮ್ಮನ್ನ ಎಲ್ಲಿ ಹಾಕಿದಾರೆ ಅಂತ ಇವನು ಬೆಳಗ್ಗೆ ಹೇಳ್ತಾನೆ," ಅಂದಳು. "ನಾನು ಹೇಳಿಸ್ತೀನಿ."

"ಆರ್ಡಿಸ್, ವಿಮೆ..." ಅಂದ ವರ್ಲಿನ್.

"ಬಾಯ್ಮುಚ್ಚು. ನಾನೂ ಒಂದಿನ ಸಾಯ್ತೀನಲ್ಲ. ಆಗ ನನ್ನ ಮೇಲೂ ಯಾರಾದ್ರೂ ಹೀಗೇ ಮಣ್ಣೆಳೆದ್ರೆ, ಕೇಳೋರು ಯಾರು?" ತಿರುಗಿ ಅವನನ್ನೇ ನೋಡಿದಳು. "ಅವರಿಗೆ ನನ್ನ ಮಾತು ಸಾಲಲ್ಲ. ಕರ್ಕೊಂಡು ಬಂದವನು ನೀನು. ನೀನೇ ಹೇಳು."

ಹಿಡಿ ಮತ್ತೆ ತಿರುಗಿತು. ಈ ಸಲ ಪೂರ್ತಿ.

ಅಷ್ಟು ದೊಡ್ಡ ಆಳು, ಮಗುವಿನ ಹಾಗೆ ತೆವಳಿಕೊಂಡು ಬಾಗಿಲಿಗೆ ಬಂದ. "ಹೇಳ್ತೀನಿ," ಅಂದ. "ಹಂದಿ ಕೊಟ್ಟಿಗೆ ಹಿಂದೆ ಹಾಕಿದೀನಿ. ನಾನೇ ಹಾಕಿದ್ದು. ಬೆಳಗ್ಗೆ ಹೋಗಿ ಹೇಳ್ತೀನಿ."

ಎಷ್ಟು ಹೊತ್ತು ಹಾಗೇ ಇದ್ದೆವೋ ಗೊತ್ತಿಲ್ಲ... ಆಮೇಲೆ ಜಗಲಿಯ ಹಲಗೆ ಒಂದೊಂದಾಗಿ ಹಗುರಾಯಿತು.

ಬೆಳಗ್ಗೆ ಅವನು ಹೋಗಿ ಹೇಳಿದ. ಕೌಂಟಿಯ ಅಧಿಕಾರಿಯ ಎದುರು ಕೂತು, ಎಲ್ಲಿ ಅಗೆದೆ, ಎಲ್ಲಿ ಸುರಿದೆ, ಯಾರು ಹೇಳಿದರು, ಎಲ್ಲ. ಆ ದಿನ ಊಟದ ಹೊತ್ತಿಗೆ ಅವನ ಕೆಲಸ ಹೋಯಿತು. ಅಪ್ಪಣೆಯಿಲ್ಲದೆ ಕೆಲಸದ ಜಾಗ ಬಿಟ್ಟು ಹೋದ ಅನ್ನುವುದು ಕಾರಣವಂತೆ. ವಿಮೆ ಈ ತಿಂಗಳ ಕೊನೆಯ ತನಕ ಇದೆ. ಆಮೇಲೆ ಆರ್ಡಿಸ್‌ಳನ್ನು ಯಾವ ಆಸ್ಪತ್ರೆ ಒಳಗೆ ಬಿಡುತ್ತದೋ ನನಗೆ ಗೊತ್ತಿಲ್ಲ. ಕೌಂಟಿಯವರು ಪರಿಶೀಲಿಸುತ್ತೇವೆ ಅಂದಿದ್ದಾರೆ. ವಿಶ್ವವಿದ್ಯಾಲಯ ಪರಿಶೀಲನೆಗೆ ಕಾಯುತ್ತಿಲ್ಲ. ಸಿಕ್ಕಿದ್ದು ಪ್ರಾಣಿಗಳ ಅವಶೇಷ ಅಂತ ಹೇಳಿಕೆ ಕೊಟ್ಟಿದೆ. ಹಂದಿ ಕೊಟ್ಟಿಗೆಯ ಹಿಂದೆ ಇದ್ದಕ್ಕಿದ್ದಂತೆ ವಾಹನ ನಿಲ್ಲಿಸುವ ಜಾಗ ಬೇಕಾಗಿದೆಯಂತೆ. ಸೋಮವಾರ ಕಾಂಕ್ರೀಟು.

ಸ್ಟಾಮ್ ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದಾನೆ, ವರ್ಲಿನ್‌ಗೆ ತಲೆ ಕೆಟ್ಟಿದೆ, ಆ ಹೆಂಗಸು ಲೊರೀನ್ ತಲೆ ಕೆಡಿಸಿದಳು ಅಂತ. ಅವನಿಗೂ ನಿಮಗೂ ಒಂದು ಮಾತು ಹೇಳುತ್ತೇನೆ. ಆ ಬೆಳಗ್ಗೆ ವರ್ಲಿನ್ ಹೊರಟ ಮೇಲೆ ಜಗಲಿಯ ಹಿಮ ತೆಗೆಯಲು ನಾನು ಸಲಿಕೆ ಹಿಡಿದು ಹೋದೆ. ಅಂಗಳದಲ್ಲಿ ವರ್ಲಿನ್‌ನದೂ ನನ್ನದೂ ಬೂಟಿನ ಗುರುತು ಬಿಟ್ಟರೆ ಬೇರೆ ಗುರುತಿಲ್ಲ. ಮೆಟ್ಟಿಲ ಬುಡದಲ್ಲಿ ಒಂದು ಗುಡ್ಡೆ ಕುದುರೆ ಲದ್ದಿ ಬಿದ್ದಿತ್ತು. ಆ ರಸ್ತೆಯಲ್ಲಿ ಯಾರೂ ಕುದುರೆ ಸಾಕಿಲ್ಲ. ಲದ್ದಿಯಿಂದ ಹಬೆ ಏಳುತ್ತಿತ್ತು. ಸಲಿಕೆಯಲ್ಲಿ ಎತ್ತಿದೆ, ಕೈಗವಸು ಕಳಚಿ ಮುಟ್ಟಿ ನೋಡಿದೆ. ಬಿಸಿ ಇತ್ತು. ಅರಗದೆ ಉಳಿದ ಜೋಳದ ಕಾಳು ಅದರಲ್ಲಿದ್ದವು. ಇದು ನಡೆದದ್ದು. ನನ್ನ ಕೈ ಮುಟ್ಟಿದ್ದು.

ದೆವ್ವವನ್ನು ನಂಬಬೇಡಿ, ಬೇಕಿಲ್ಲ. ಸೋಮವಾರ ಬೆಳಕು ಹರಿಯುವ ಮೊದಲು ಹಂದಿ ಕೊಟ್ಟಿಗೆಯ ಗೇಟಿಗೆ ಬನ್ನಿ. ಮನೆಯಲ್ಲಿರುವವರನ್ನೆಲ್ಲ ಕರೆತನ್ನಿ. ವರ್ಲಿನ್‌ನ ಕೆಲಸ ವಾಪಸು ಕೊಡುವ ತನಕ, ಆ ಎಲುಬುಗಳನ್ನು ಮೇಲೆತ್ತಿ ಗೌರವದಿಂದ ಹೂಳುವ ತನಕ ಅಲ್ಲೇ ನಿಲ್ಲಿ. ಕಾಂಕ್ರೀಟಿನ ಲಾರಿ ಎದುರು ಬಂದಾಗ ದಾರಿ ಬಿಡಬೇಡಿ.